ಊಟದ ಮೇಜಿನ ಮೇಲೆ ಹುಟ್ಟಿದ ಸಾಫ್ಟ್‌ವೇರ್ ಕಂಪನಿ: 'ಸ್ಟೀವ್' ಶರ್ಲಿ ಅವರ ಕಥೆ

ಪುಣೆ, ಹೈದರಾಬಾದ್, ಚೆನ್ನೈ, ನೋಯ್ಡಾ, ಮುಂಬೈ, ನೀವು ಎಲ್ಲೇ ಕೂತು ಇದನ್ನ ಓದ್ತಾ ಇದ್ರೂ ಈ ಕೆಲವು ವರ್ಷಗಳಲ್ಲಿ ನಿಮಗೆ ಒಂದು ಮೇಲ್ ಬಂದೇ ಬಂದಿರುತ್ತೆ. "ಇನ್ನು ಮುಂದೆ ವಾರಕ್ಕೆ ಇಷ್ಟು ದಿನ ಆಫೀಸಿಗೆ ಬರಲೇಬೇಕು" ಅನ್ನೋ ಮೇಲ್. ಅದರ ಹಿಂದೆ ಇರೋ ಮಾತೂ ನಿಮಗೆ ಗೊತ್ತು. ಮನೆಯಿಂದ ಕೆಲಸ ಅನ್ನೋದು ಕೊರೊನಾ ಕಾಲದ ತಾತ್ಕಾಲಿಕ ಏರ್ಪಾಡು, ಗಂಭೀರವಾದ ಸಾಫ್ಟ್‌ವೇರ್ ಹಾಗೆಲ್ಲ ಮನೆಯಲ್ಲಿ ಕೂತು ಬರೆಯೋಕೆ ಆಗಲ್ಲ ಅನ್ನೋ ಮಾತು.

ಇವತ್ತು ನಾನು ಹೇಳೋಕೆ ಹೊರಟಿರೋ ಕಂಪನಿ ಶುರುವಾಗಿದ್ದು 1962ರಲ್ಲಿ, ಇಂಗ್ಲೆಂಡಿನಲ್ಲಿ. ಬಂಡವಾಳ 6 ಪೌಂಡ್. ಆಫೀಸ್ ಇಲ್ಲ, ಇದ್ದಿದ್ದು ಒಂದು ಊಟದ ಮೇಜು. ಸ್ವಂತ ಕಂಪ್ಯೂಟರ್ ಇಲ್ಲ. ಮೊದಲ 300 ಜನ ಕೆಲಸಗಾರರಲ್ಲಿ 297 ಜನ ಹೆಂಗಸರು, ಹೆಚ್ಚಿನವರು ಮಕ್ಕಳೊಂದಿಗರು, ಮನೆಯಿಂದಲೇ ಕೆಲಸ ಮಾಡ್ತಿದ್ದವರು. ಶಬ್ದಕ್ಕಿಂತ ವೇಗವಾಗಿ ಹಾರೋ ಕಾಂಕಾರ್ಡ್ ವಿಮಾನದ ಬ್ಲ್ಯಾಕ್ ಬಾಕ್ಸ್‌ಗೆ ಪ್ರೋಗ್ರಾಮ್ ಬರೆದವರು ಇವರೇ. ಕಂಪನಿಯ ಹೆಸರು ಫ್ರೀಲಾನ್ಸ್ ಪ್ರೋಗ್ರಾಮರ್ಸ್. ಅದನ್ನ ಕಟ್ಟಿದವರು ಸ್ಟೆಫನಿ ಶರ್ಲಿ. 2025ರ ಆಗಸ್ಟ್‌ನಲ್ಲಿ, 91ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು.

ರೈಲು ಹತ್ತಿದ ಐದು ವರ್ಷದ ಹುಡುಗಿ

ಹುಟ್ಟಿದಾಗ ಅವರ ಹೆಸರು ವೆರಾ ಬುಖ್ತಾಲ್. 1933ರಲ್ಲಿ ಜರ್ಮನಿಯ ಡಾರ್ಟ್‌ಮಂಡ್‌ನಲ್ಲಿ ಜನನ. ಅಪ್ಪ ಯಹೂದಿ, ನ್ಯಾಯಾಧೀಶರಾಗಿದ್ದವರು. ಹಿಟ್ಲರ್ ಅಧಿಕಾರಕ್ಕೆ ಬಂದಿದ್ದೂ ಅದೇ ವರ್ಷ, ಅಪ್ಪನ ಕೆಲಸ ಹೋಯ್ತು. ಕುಟುಂಬ ಅಮ್ಮನ ಊರಾದ ವಿಯೆನ್ನಾಗೆ ಬಂತು. 1938ರಲ್ಲಿ ಆಸ್ಟ್ರಿಯಾವೂ ನಾಜಿಗಳ ಕೈಸೇರಿದ ಮೇಲೆ ಅಲ್ಲೂ ಜಾಗ ಇಲ್ಲದ ಹಾಗಾಯ್ತು.

ಎರಡನೇ ಮಹಾಯುದ್ಧಕ್ಕೆ ಮುಂಚೆ 'ಕಿಂಡರ್‌ಟ್ರಾನ್ಸ್‌ಪೋರ್ಟ್' ಅಂತ ಒಂದು ವ್ಯವಸ್ಥೆ ನಡೀತು. ನಾಜಿ ಹಿಡಿತದಲ್ಲಿದ್ದ ಊರುಗಳಿಂದ ಹೆಚ್ಚುಕಮ್ಮಿ 10,000 ಮಕ್ಕಳನ್ನ ಅಪ್ಪ ಅಮ್ಮ ಇಲ್ಲದೆ ಬ್ರಿಟನ್ನಿಗೆ ಕಳಿಸಿದರು. 1939ರ ಜುಲೈನಲ್ಲಿ ಐದು ವರ್ಷದ ವೆರಾ, ಒಂಬತ್ತು ವರ್ಷದ ಅಕ್ಕ ರೆನಾಟೆ ಜೊತೆ ಆ ರೈಲು ಹತ್ತಿದಳು. ಲಂಡನ್ನಿನ ಲಿವರ್‌ಪೂಲ್ ಸ್ಟ್ರೀಟ್ ನಿಲ್ದಾಣದಲ್ಲಿ ಇಳಿದು, ಇಂಗ್ಲೆಂಡಿನ ನಡುಭಾಗದಲ್ಲಿದ್ದ ಸ್ಮಿತ್ ಅನ್ನೋ ದಂಪತಿಯ ಮನೆ ಸೇರಿದಳು. ಅವರನ್ನ ಅಂಕಲ್, ಆಂಟಿ ಅಂತ ಕರೀತಾ ಬೆಳೆದಳು. ಅಪ್ಪ ಅಮ್ಮ ಇಬ್ಬರೂ ಯುದ್ಧದಲ್ಲಿ ಬದುಕುಳಿದರು, ಮತ್ತೆ ಭೇಟಿಯೂ ಆಯ್ತು. ಆದ್ರೆ ಕಡಿದುಹೋದ ಆ ನಂಟು ಮತ್ತೆ ಕೂಡಿಕೊಳ್ಳಲಿಲ್ಲ ಅಂತ ಶರ್ಲಿ ಕೊನೆವರೆಗೂ ಹೇಳ್ತಿದ್ದರು.

ಉಳಿಸಿದ ಜೀವಕ್ಕೆ ಬೆಲೆ ಬರೋ ಹಾಗೆ ಬದುಕಬೇಕು, ಒಂದು ದಿನವನ್ನೂ ವ್ಯರ್ಥ ಮಾಡಬಾರದು ಅನ್ನೋದು ಆ ರೈಲಿನಿಂದಲೇ ತಮ್ಮೊಳಗೆ ಕೂತಿತು ಅಂತಲೂ ಹೇಳ್ತಿದ್ದರು. ಇದನ್ನ ಮೊದಲೇ ಹೇಳಿದ್ದೇಕೆ ಅಂದ್ರೆ, ಮುಂದೆ ಅವರು ಷೇರು ಹಂಚಿದ್ದು, ದುಡ್ಡು ಕೊಟ್ಟುಬಿಟ್ಟಿದ್ದು ಇದಿಲ್ಲದೆ ಅರ್ಥ ಆಗಲ್ಲ.

ಡಾಲಿಸ್ ಹಿಲ್‌ನ ಪಾಠ

ಗಣಿತ ಅಂದ್ರೆ ಆ ಹುಡುಗಿಗೆ ಪ್ರಾಣ. ಆದ್ರೆ ಹೆಣ್ಣುಮಕ್ಕಳ ಶಾಲೆಯಲ್ಲಿ ಆ ಮಟ್ಟದ ಗಣಿತ ಕಲಿಸೋರೇ ಇರಲಿಲ್ಲ. ವಿಶೇಷ ಅನುಮತಿ ಪಡೆದು ಪಕ್ಕದ ಗಂಡುಮಕ್ಕಳ ಶಾಲೆಗೆ ಹೋಗಿ ಪಾಠ ಕೇಳಬೇಕಾಯ್ತು. 18ಕ್ಕೆ ಬ್ರಿಟಿಷ್ ಪೌರತ್ವ ಸಿಕ್ತು, ಹೆಸರು ಸ್ಟೆಫನಿ ಬ್ರೂಕ್ ಅಂತ ಬದಲಾಯ್ತು. ಕಾಲೇಜಿಗೆ ಹೋಗೋ ಬದಲು ಕೆಲಸಕ್ಕೆ ಸೇರಿಕೊಂಡರು. ಲಂಡನ್ನಿನ ಡಾಲಿಸ್ ಹಿಲ್‌ನಲ್ಲಿದ್ದ ಪೋಸ್ಟ್ ಆಫೀಸ್ ಸಂಶೋಧನಾ ಕೇಂದ್ರ ಅದು.

ಪೋಸ್ಟ್ ಆಫೀಸ್ ಅಂದ ತಕ್ಷಣ ಕಾಗದ, ಮನಿಯಾರ್ಡರ್ ಅಂದುಕೋಬೇಡಿ. ಆಗ ಬ್ರಿಟನ್ನಿನ ಟೆಲಿಫೋನ್ ಜಾಲ ಹೆಚ್ಚುಕಮ್ಮಿ ಪೂರ್ತಿ ಪೋಸ್ಟ್ ಆಫೀಸ್ ಕೈಯಲ್ಲಿತ್ತು. ಯುದ್ಧಕಾಲದಲ್ಲಿ ಜರ್ಮನ್ ಗುಪ್ತಸಂದೇಶ ಬಿಡಿಸೋಕೆ ಟಾಮಿ ಫ್ಲವರ್ಸ್ 'ಕೊಲೋಸಸ್' ಕಂಪ್ಯೂಟರ್ ಕಟ್ಟಿದ್ದು ಇದೇ ಡಾಲಿಸ್ ಹಿಲ್‌ನಲ್ಲಿ. ಪ್ರೀಮಿಯಂ ಬಾಂಡ್ ಲಾಟರಿಗೆ ಯಾದೃಚ್ಛಿಕ ಸಂಖ್ಯೆ ತೆಗೆಯೋ 'ಅರ್ನಿ' ಯಂತ್ರ ಹುಟ್ಟಿದ್ದೂ ಅಲ್ಲೇ, ಅದರ ಕೆಲಸದಲ್ಲಿ ಈ ಹುಡುಗಿಯೂ ಇದ್ದರು. ಹಗಲು ಕೆಲಸ, ಸಂಜೆ ಕಾಲೇಜು. ಆರು ವರ್ಷ ಹಾಗೇ ಓದಿ ಗಣಿತದಲ್ಲಿ ಆನರ್ಸ್ ಪದವಿ ತಗೊಂಡರು.

ಗಂಡಸರಿಗೊಂದು ಸಂಬಳ, ಹೆಂಗಸರಿಗೊಂದು ಸಂಬಳ ಇದ್ದ ಕಾಲ ಅದು. ಬಡ್ತಿ ಕೇಳಿದಷ್ಟೂ ಮೇಲಿನವರಿಗೆ ಇರಿಸುಮುರಿಸು. 1959ರಲ್ಲಿ ಸಹೋದ್ಯೋಗಿ, ಭೌತವಿಜ್ಞಾನಿ ಡೆರೆಕ್ ಶರ್ಲಿ ಅವರನ್ನ ಮದುವೆಯಾಗಿ ಬೇರೆ ಕಂಪನಿ ಸೇರಿದರು. ಐಸಿಟಿ 1301 ಅನ್ನೋ ಕಂಪ್ಯೂಟರ್ ವಿನ್ಯಾಸ ಮಾಡ್ತಿದ್ದ ಸಣ್ಣ ಸಂಸ್ಥೆ ಅದು. ಕೆಲಸ ಇಷ್ಟವಾಗಿತ್ತು. ಆದ್ರೆ ಒಂದು ಮೀಟಿಂಗ್‌ನಲ್ಲಿ ಬೆಲೆ ನಿಗದಿ ಬಗ್ಗೆ ಏನೋ ಸಲಹೆ ಕೊಟ್ಟಾಗ, ನೀವು ಟೆಕ್ನಿಕಲ್, ಇದು ನಿಮ್ಮ ವಿಷಯ ಅಲ್ಲ ಅನ್ನೋ ಉತ್ತರ ಬಂತಂತೆ. ಮುಂದೆ ಹೋಗೋ ದಾರಿ ಇಲ್ಲಿ ಇಲ್ಲ ಅಂತ ಅವತ್ತು ಗಟ್ಟಿಯಾಯ್ತು. ರಾಜೀನಾಮೆ ಕೊಟ್ಟರು.

ಸಹಿ ಬದಲಾಯ್ತು, ಉತ್ತರ ಬಂತು

ಲಂಡನ್ನಿನಿಂದ ಸ್ವಲ್ಪ ದೂರ, ಚೆಶಮ್ ಅನ್ನೋ ಊರಿನ ಹತ್ತಿರ ಅವರ ಮನೆ. ಅಲ್ಲೇ ಕಂಪನಿ. ಮಾರಬೇಕಾಗಿದ್ದು ಸಾಫ್ಟ್‌ವೇರ್. ಆಗ ಸಾಫ್ಟ್‌ವೇರ್ ಅನ್ನ ಯಾರೂ ದುಡ್ಡು ಕೊಟ್ಟು ತಗೊಳ್ತಿರಲಿಲ್ಲ. ಲಕ್ಷಾಂತರ ಪೌಂಡಿನ ಮೆಷಿನ್ ಕೊಂಡ್ರೆ ಪ್ರೋಗ್ರಾಮ್ ಅದರ ಜೊತೆ ಪುಕ್ಕಟೆ ಬರ್ತಿತ್ತು. ಐಬಿಎಂ ಕೂಡ ಎರಡಕ್ಕೂ ಬೇರೆ ಬೇರೆ ಬಿಲ್ ಹಾಕೋದಾಗಿ ಘೋಷಿಸಿದ್ದು 1969ರಲ್ಲಿ. ಏಳು ವರ್ಷ ಮೊದಲೇ ಒಬ್ಬ ಹೆಂಗಸು ಬಂದು "ಪ್ರೋಗ್ರಾಮ್ ಮಾರ್ತೀನಿ" ಅಂದ್ರೆ ಜನ ನಕ್ಕರು.

ಅವರು ಕಂಪನಿಗಳಿಗೆ ಸಾಲುಸಾಲು ಪತ್ರ ಬರೆದರು. ಕೆಳಗೆ ಸಹಿ: ಸ್ಟೆಫನಿ ಶರ್ಲಿ. ಉತ್ತರ ಬರಲಿಲ್ಲ. ಗಂಡ ಡೆರೆಕ್ ಒಂದು ಉಪಾಯ ಹೇಳಿದರು: 'ಸ್ಟೀವ್' ಅಂತ ಸಹಿ ಮಾಡಿ ನೋಡು. ಸ್ಟೀವ್ ಶರ್ಲಿ ಬರೆದ ಪತ್ರಗಳಿಗೆ ಉತ್ತರ ಬರೋಕೆ ಶುರುವಾಯ್ತು. ಬಾಗಿಲು ತೆಗೆದು ಒಳಗೆ ಹೋದ ಮೇಲೆ ತಾನೇ 'ಅವನು' ಅಲ್ಲ 'ಅವಳು' ಅಂತ ಗೊತ್ತಾಗೋದು! ಕೊನೆವರೆಗೂ ಆ ಹೆಸರೇ ಉಳೀತು, ಸ್ನೇಹಿತರೂ ಸ್ಟೀವ್ ಅಂತಲೇ ಕರೆದರು.

ಕೆಲಸಕ್ಕೆ ಯಾರು? ಐವತ್ತರ, ಅರವತ್ತರ ದಶಕದಲ್ಲಿ ಬ್ರಿಟನ್ನಿನ ಪ್ರೋಗ್ರಾಮರ್‌ಗಳಲ್ಲಿ ಹೆಂಗಸರು ಬೇಕಾದಷ್ಟಿದ್ದರು. ಮದುವೆಯಾದ ಮೇಲೆ, ಇಲ್ಲಾ ಮೊದಲ ಮಗು ಆದ ಮೇಲೆ ಕೆಲಸ ಬಿಡೋದು ವಾಡಿಕೆ. ಅಂದ್ರೆ ತರಬೇತಿ, ಅನುಭವ ಎರಡೂ ಇರೋ ನೂರಾರು ಜನ ಮನೆಯಲ್ಲಿ ಕೂತಿದ್ದರು. ಶರ್ಲಿ ಅವರನ್ನ ಹುಡುಕಿಕೊಂಡು ಹೋದರು. ಕೆಲಸ ಕೇಳಿ ಬಂದವರಿಗೆ ಹಾಕ್ತಿದ್ದ ಪ್ರಶ್ನೆಗಳಲ್ಲಿ ಒಂದು: ನಿಮಗೆ ಟೆಲಿಫೋನ್ ಸೌಕರ್ಯ ಇದೆಯಾ?

ಈ ಯೋಚನೆ ಅವರೊಬ್ಬರದೇ ಅಲ್ಲ ಅನ್ನೋದನ್ನೂ ಹೇಳಬೇಕು. ಅಮೆರಿಕದಲ್ಲಿ ಎಲ್ಸಿ ಶಟ್ ಅನ್ನೋವರು ಗರ್ಭಿಣಿಯಾಗಿ ಕೆಲಸ ಬಿಡಬೇಕಾಗಿ ಬಂದಾಗ, 1950ರ ದಶಕದ ಕೊನೆಯಲ್ಲಿ ಇಂಥದ್ದೇ ಕಂಪನಿ ಶುರುಮಾಡಿದ್ದರು. ಬ್ರಿಟನ್ನಿನಲ್ಲೇ ಡೀನಾ ಸೇಂಟ್ ಜಾನ್‌ಸ್ಟನ್ 1959ರಲ್ಲಿ ಒಂದು ಸಾಫ್ಟ್‌ವೇರ್ ಸಂಸ್ಥೆ ಕಟ್ಟಿದ್ದರು. ಸಾಫ್ಟ್‌ವೇರ್ ಸೇವೆ ಅನ್ನೋ ನಮ್ಮ ಉದ್ಯಮದ ಮೊದಲ ಪುಟಗಳಲ್ಲೇ ಇಷ್ಟು ಹೆಂಗಸರ ಹೆಸರು ಇವೆ.

ಕಂಪ್ಯೂಟರ್ ಇಲ್ಲದೆ ಕೋಡಿಂಗ್

ಲ್ಯಾಪ್‌ಟಾಪ್ ಇಲ್ಲ, ಇಂಟರ್ನೆಟ್ ಇಲ್ಲ, ಮನೆಯಿಂದ ಕೆಲಸ ಹೇಗೆ ಅಂತ ನಿಮಗೆ ಅನ್ನಿಸಬಹುದು. ಆಗ ಪ್ರೋಗ್ರಾಮ್ ಬರೆಯೋಕೆ ಕಂಪ್ಯೂಟರ್ ಮುಂದೆ ಕೂರೋ ಅಗತ್ಯವೇ ಇರಲಿಲ್ಲ. ಫ್ಲೋಚಾರ್ಟ್ ಬಿಡಿಸಿ, ಪೆನ್ಸಿಲ್ಲಿನಲ್ಲಿ ಹಾಳೆಯ ಮೇಲೆ ಕೋಡ್ ಬರೆದು, ಅಂಚೆಯಲ್ಲಿ ಕಳಿಸೋದು. ಅಲ್ಲಿ ಅದು ಪಂಚ್ ಕಾರ್ಡ್ ಆಗುತ್ತೆ, ಮೆಷಿನ್‌ಗೆ ಹೋಗುತ್ತೆ. ತಪ್ಪಿದ್ರೆ ಗೊತ್ತಾಗೋದೇ ಎಷ್ಟೋ ದಿನ ಆದ ಮೇಲೆ. ಹಾಗಾಗಿ ಕಳಿಸೋಕೆ ಮುಂಚೆ ಕೋಡನ್ನ ಕೈಯಲ್ಲೇ ಸಾಲುಸಾಲಾಗಿ ಓಡಿಸಿ ನೋಡಬೇಕಿತ್ತು. ನಾವು ಇವತ್ತು ಬಿಲ್ಡ್ ಹೊಡೆದು, ಫೇಲ್ ಆದ ಮೇಲೆ ಓದೋ ಕೋಡನ್ನ ಅವರು ಮೊದಲೇ ಓದ್ತಿದ್ದರು.

ಇಲ್ಲಿ ನಾನು ಒಬ್ಬ ಇಂಜಿನಿಯರ್ ಆಗಿ ಸ್ವಲ್ಪ ನಿಂತು ನೋಡ್ತೀನಿ. ಒಂದೊಂದು ಮನೆಯಲ್ಲಿ ಒಬ್ಬೊಬ್ಬರು. ಒಬ್ಬರ ಕೋಡ್ ಇನ್ನೊಬ್ಬರಿಗೆ ಅರ್ಥ ಆಗಬೇಕು. ಮಗುವಿಗೆ ಜ್ವರ ಬಂದು ಒಬ್ಬರು ವಾರ ಬಿಟ್ಟರೆ ಇನ್ನೊಬ್ಬರು ಅಲ್ಲಿಂದಲೇ ಎತ್ತಿಕೊಳ್ಳಬೇಕು. ಪಕ್ಕದ ಸೀಟಿಗೆ ತಿರುಗಿ "ಇದೇನಪ್ಪಾ ಬರೆದಿದ್ದೀಯ" ಅಂತ ಕೇಳೋ ಹಾಗಿಲ್ಲ. ಅಂದ್ರೆ ಎಲ್ಲವೂ ಬರಹದಲ್ಲಿ ಇರಲೇಬೇಕು. ಸ್ಪೆಸಿಫಿಕೇಶನ್, ಡಾಕ್ಯುಮೆಂಟೇಶನ್, ಗುಣಮಟ್ಟ ಪರೀಕ್ಷೆ, ಎಲ್ಲದಕ್ಕೂ ಒಂದು ನಿಯಮ ಬೇಕು. ಆ ಕಂಪನಿ ಅಂಥ ನಿಯಮಗಳನ್ನ ಮಾಡಿಕೊಳ್ತು. ಅವರ ಸಾಫ್ಟ್‌ವೇರ್ ಮಾನದಂಡಗಳನ್ನ ಮುಂದೆ ನ್ಯಾಟೋ ಕೂಡ ಬಳಸಿಕೊಂಡಿತು ಅಂತ ಶರ್ಲಿ ಹೆಮ್ಮೆಯಿಂದ ಹೇಳ್ತಿದ್ದರು.

ನಾನು ಎಂಟೆಕ್ ಓದುವಾಗ ಸಾಫ್ಟ್‌ವೇರ್ ಇಂಜಿನಿಯರಿಂಗ್ ಪೇಪರ್‌ನ ಮೊದಲ ಅಧ್ಯಾಯ 1968ರ ನ್ಯಾಟೋ ಸಮ್ಮೇಳನ. ಜರ್ಮನಿಯ ಗಾರ್ಮಿಶ್‌ನಲ್ಲಿ ನಡೆದದ್ದು, 'ಸಾಫ್ಟ್‌ವೇರ್ ಬಿಕ್ಕಟ್ಟು' ಅನ್ನೋ ಮಾತು ಮೇಲೆ ಬಂದದ್ದು ಅಲ್ಲೇ. ಪ್ರಾಜೆಕ್ಟ್‌ಗಳು ತಡ ಆಗ್ತಿವೆ, ಬಜೆಟ್ ಮೀರ್ತಿವೆ, ಶಿಸ್ತು ಬೇಕು ಅಂತ ದೊಡ್ಡವರೆಲ್ಲ ಕೂತು ಚರ್ಚೆ ಮಾಡಿದರು. ಆ ಹೊತ್ತಿಗೆ ಇಂಗ್ಲೆಂಡಿನ ಅಡುಗೆಮನೆಗಳಲ್ಲಿ, ಶಿಸ್ತು ಇಲ್ಲದಿದ್ರೆ ಒಂದು ದಿನವೂ ನಡೆಯದ ಒಂದು ಕಂಪನಿ ಆರು ವರ್ಷದಿಂದ ನಡೀತಾ ಇತ್ತು. ನಮ್ಮ ಪಠ್ಯದಲ್ಲಿ ಅದರ ಬಗ್ಗೆ ಒಂದು ಸಾಲು ಇರಲಿಲ್ಲ.

ಇನ್ನೊಂದು ಜಾಣತನ ಫಿಕ್ಸೆಡ್ ಪ್ರೈಸ್. ಗಂಟೆ ಲೆಕ್ಕದ ಬಿಲ್ ಹಾಕಿದ್ರೆ ಯಾರು ಯಾವಾಗ ಎಲ್ಲಿ ಕೂತು ಕೆಲಸ ಮಾಡಿದ್ರು ಅನ್ನೋ ಪ್ರಶ್ನೆ ಏಳುತ್ತೆ. ಇಡೀ ಕೆಲಸಕ್ಕೆ ಇಷ್ಟು ಅಂತ ಹೇಳಿಬಿಟ್ಟರೆ ಗ್ರಾಹಕರಿಗೆ ಬೇಕಾಗಿದ್ದು ಕೆಲಸ ಮಾತ್ರ. ಮನೆಯಿಂದ, ಅರ್ಧ ಹೊತ್ತು ದುಡಿಯೋ ಹೆಂಗಸರು ಅನ್ನೋದನ್ನ ಮುಚ್ಚಿಡೋಕೆ ಈ ದಾರಿ ಹಿಡಿದೆವು ಅಂತ ಶರ್ಲಿಯೇ ಹೇಳಿದ್ದಾರೆ. ಗೂಡ್ಸ್ ರೈಲಿನ ವೇಳಾಪಟ್ಟಿ, ಗೋದಾಮಿನ ದಾಸ್ತಾನು ಲೆಕ್ಕ, ಹೀಗೆ ಕೆಲಸ ಬಂತು. ಕಾಂಕಾರ್ಡ್ ಕೆಲಸದ ನೇತೃತ್ವ ವಹಿಸಿದ್ದು ಆನ್ ಮೊಫಾಟ್, ಅವರೂ ಮನೆಯಿಂದಲೇ.

ಶರ್ಲಿ ಅವರ ಮನೆಯಲ್ಲೂ 1963ರಲ್ಲಿ ಮಗ ಜೈಲ್ಸ್ ಹುಟ್ಟಿದ. ಗ್ರಾಹಕರು ಫೋನ್ ಮಾಡಿದಾಗ ಮಗುವಿನ ಅಳು ಕೇಳಿಸಬಾರದು ಅಂತ, ಟೈಪ್‌ರೈಟರ್ ಸದ್ದನ್ನ ಟೇಪ್‌ನಲ್ಲಿ ಮುದ್ರಿಸಿಟ್ಟುಕೊಂಡು ಹಿನ್ನೆಲೆಯಲ್ಲಿ ಹಾಕ್ತಿದ್ದರು. ಕೇಳಿದವರಿಗೆ ಗಿಜಿಗುಡುವ ಆಫೀಸ್ ಅನ್ನಿಸಬೇಕು. ಈಗ ನಾವು ಮೀಟಿಂಗ್ ಆಪ್‌ನಲ್ಲಿ ಹಿನ್ನೆಲೆ ಮಸುಕು ಮಾಡ್ತೀವಲ್ಲ, ಅದರ ಅಜ್ಜಿ ಇದು!

ಹೊಗಳಿಕೆ ಮಾತ್ರ ಸಾಲದು

ಈ ಕಥೆಯನ್ನ ಬರೀ ಸಾಧನೆಯ ಕಥೆಯಾಗಿ ಹೇಳಿದ್ರೆ ಅರ್ಧ ಹೇಳಿದ ಹಾಗೆ. ಹೆಸರೇ ಫ್ರೀಲಾನ್ಸ್. ಕೆಲಸ ಇದ್ರೆ ದುಡ್ಡು, ಇಲ್ಲದಿದ್ರೆ ಇಲ್ಲ. 1970ರ ಆಸುಪಾಸಿನ ಆರ್ಥಿಕ ಹಿಂಜರಿತದಲ್ಲಿ ಆರ್ಡರ್‌ಗಳು ಒಣಗಿ ಕಂಪನಿ ಮುಳುಗೋ ಹಂತಕ್ಕೆ ಬಂದಿತ್ತು. ಅಂಥ ಹೊತ್ತಿನಲ್ಲಿ ಮೊದಲ ಏಟು ಬೀಳೋದು ಮನೆಯಲ್ಲಿ ಕೂತು ಮುಂದಿನ ಕವರ್‌ಗೆ ಕಾಯ್ತಿರೋ ಹೆಂಗಸಿಗೆ. ಹೊಂದಾಣಿಕೆಯ ಸಮಯ ಮತ್ತು ಭದ್ರತೆ ಎರಡೂ ಒಟ್ಟಿಗೆ ಸಿಗಲ್ಲ ಅನ್ನೋದು ಇವತ್ತಿನ ಗಿಗ್ ಕೆಲಸಗಾರರಿಗೂ ಗೊತ್ತಿರೋ ಸತ್ಯ.

1975ರಲ್ಲಿ ಇನ್ನೊಂದು ವಿಚಿತ್ರ ಆಯ್ತು. ಬ್ರಿಟನ್ನಿನಲ್ಲಿ ಲಿಂಗ ತಾರತಮ್ಯ ನಿಷೇಧ ಕಾಯ್ದೆ ಬಂತು. ಹೆಂಗಸರ ಪರವಾಗಿ ಬಂದ ಆ ಕಾಯ್ದೆ, ಹೆಂಗಸರಿಗೆ ಆದ್ಯತೆ ಕೊಡ್ತಿದ್ದ ಈ ಕಂಪನಿಯ ಪದ್ಧತಿಯನ್ನೇ ಕಾನೂನುಬಾಹಿರ ಮಾಡಿಬಿಡ್ತು. ಗಂಡಸರನ್ನೂ ಸೇರಿಸಿಕೊಳ್ಳಬೇಕಾಯ್ತು. ಶರ್ಲಿ ಇದನ್ನ ನಗುತ್ತಲೇ ಹೇಳ್ತಿದ್ದರು.

ಮನೆಯಲ್ಲಿ ಮಾತ್ರ ನಗು ಇರಲಿಲ್ಲ. ಶಾಂತವಾಗಿದ್ದ ಮಗು ಜೈಲ್ಸ್ ಎರಡೂವರೆ ವರ್ಷದ ಹೊತ್ತಿಗೆ ಆಡ್ತಿದ್ದ ನಾಲ್ಕು ಮಾತನ್ನೂ ಕಳೆದುಕೊಂಡ. ತೀವ್ರವಾದ ಆಟಿಸಂ. ಬೆಳೀತಾ ಬೆಳೀತಾ ಸಂಭಾಳಿಸೋದು ಕಷ್ಟ ಆಯ್ತು. ಕಂಪನಿ, ಮಗ, ಎರಡರ ಭಾರಕ್ಕೆ ಶರ್ಲಿ ಒಮ್ಮೆ ಮಾನಸಿಕವಾಗಿ ಕುಸಿದು ಆಸ್ಪತ್ರೆ ಸೇರಿದರು. ಜೈಲ್ಸ್ ವರ್ಷಗಟ್ಟಲೆ ಆಸ್ಪತ್ರೆಯಲ್ಲೇ ಇರಬೇಕಾಯ್ತು. "ಎಲ್ಲವನ್ನೂ ಸಂಭಾಳಿಸೋ ಸೂಪರ್ ಅಮ್ಮ" ಅಂತ ನಮ್ಮ ಆಫೀಸುಗಳಲ್ಲಿ ಮಹಿಳಾ ದಿನದಂದು ಹೇಳ್ತಾರಲ್ಲ, ಆ ಮಾತಿಗೆ ಎಷ್ಟು ಬೆಲೆ ಕೊಡಬೇಕಾಗುತ್ತೆ ಅನ್ನೋದಕ್ಕೆ ಈ ಬದುಕೇ ಸಾಕ್ಷಿ.

ಕಂಪನಿ ಯಾರದ್ದು?

ಕಂಪನಿ 1970ರ ದಶಕದಲ್ಲಿ ಎಫ್ ಇಂಟರ್‌ನ್ಯಾಷನಲ್ ಆಯ್ತು, ಮುಂದೆ ಎಫ್‌ಐ ಗ್ರೂಪ್. ಇಲ್ಲಿ ನನಗೆ ಅತಿ ದೊಡ್ಡದು ಅನ್ನಿಸೋದು ಶರ್ಲಿ ಮಾಡಿದ ಒಂದು ತೀರ್ಮಾನ. ದುಡಿದವರೇ ಕಂಪನಿಯ ಮಾಲೀಕರಾಗಬೇಕು ಅಂತ ಅವರು ಹಟ ಹಿಡಿದರು. ಕಾನೂನು, ತೆರಿಗೆ ತೊಡಕು ಬಿಡಿಸೋಕೆ ವರ್ಷಗಳೇ ಹಿಡಿದವು. ಕೊನೆಗೆ ಕಂಪನಿಯ ಕಾಲು ಭಾಗವನ್ನ ತಮ್ಮ ಪಾಲಿನಿಂದಲೇ ಸಿಬ್ಬಂದಿಗೆ ಕೊಟ್ಟರು. ಬೇರೆ ಯಾರಿಗೂ ಒಂದು ಪೈಸೆ ಖರ್ಚಿಲ್ಲ. 1990ರ ದಶಕದ ಆರಂಭಕ್ಕೆ ಕಂಪನಿಯ ಹಿಡಿತವೇ ಕೆಲಸಗಾರರ ಕೈಗೆ ಬಂತು.

ಜೊತೆಗೆ ಕುರ್ಚಿಯನ್ನೂ ಬಿಟ್ಟುಕೊಟ್ಟರು. 1980ರ ದಶಕದ ಮಧ್ಯದಲ್ಲಿ ಹಿಲರಿ ಕ್ರಾಪರ್ ಅನ್ನೋ ಇನ್ನೊಬ್ಬ ಮಹಿಳೆ ಮುಖ್ಯ ಕಾರ್ಯನಿರ್ವಾಹಕರಾಗಿ ಬಂದರು. ಕಂಪನಿಯನ್ನ ದೊಡ್ಡ ಮಟ್ಟಕ್ಕೆ ಒಯ್ದಿದ್ದು ಅವರು. 1993ರಲ್ಲಿ, 60ಕ್ಕೆ, ಶರ್ಲಿ ನಿವೃತ್ತರಾದರು. 1996ರಲ್ಲಿ ಕಂಪನಿ ಲಂಡನ್ ಷೇರುಪೇಟೆಗೆ ಬಂತು. ಸಿಬ್ಬಂದಿಯಲ್ಲಿ 70 ಜನ ಮಿಲಿಯನೇರ್‌ಗಳಾದರು. ಒಂದು ಕಾಲದಲ್ಲಿ "ಮಗು ಆಯ್ತು, ಇನ್ನು ನಿಮ್ಮ ಕೆರಿಯರ್ ಮುಗೀತು" ಅಂತ ಹೇಳಿಸಿಕೊಂಡಿದ್ದ ಹೆಂಗಸರು ಕಟ್ಟಿದ ಕಂಪನಿ ಅದು.

ಇಲ್ಲಿಂದ ಕಥೆ ನಮ್ಮೂರುಗಳಿಗೆ ಬರುತ್ತೆ. 1990ರ ದಶಕದ ಕೊನೆಗೆ ಎಫ್‌ಐ ಗ್ರೂಪ್ ನೋಯ್ಡಾದ ಐಐಎಸ್ ಇನ್ಫೋಟೆಕ್ ಅನ್ನೋ ಕಂಪನಿಯನ್ನ ಕೊಂಡುಕೊಳ್ತು. 2001ರಲ್ಲಿ ಹೆಸರು ಕ್ಸಾನ್ಸಾ ಆಯ್ತು. ನೋಯ್ಡಾ, ಪುಣೆ, ಚೆನ್ನೈಗಳಲ್ಲಿ ಸಾವಿರಾರು ಜನ ಅಲ್ಲಿ ಕೆಲಸ ಮಾಡಿದರು. 2007ರಲ್ಲಿ ಫ್ರಾನ್ಸಿನ ಸ್ಟೀರಿಯಾ ಅದನ್ನ ಕೊಂಡಿತು, ಆಮೇಲೆ ಅದು ಸೋಪ್ರಾ ಸ್ಟೀರಿಯಾ. ನಿಮ್ಮಲ್ಲಿ ಯಾರಾದ್ರೂ ಆ ಕಂಪನಿಯ ಬ್ಯಾಡ್ಜ್ ಹಾಕಿಕೊಂಡಿದ್ರೆ, ಅದರ ಒಂದು ಬೇರು ಚೆಶಮ್ ಹತ್ತಿರದ ಆ ಊಟದ ಮೇಜಿನಲ್ಲಿದೆ.

ನನ್ನ ಪ್ರಕಾರ ಇದು ಬರೀ ಕಾಕತಾಳೀಯ ಅಲ್ಲ. ಕೆಲಸ ಮಾಡೋರು ಕಣ್ಣಿಗೆ ಕಾಣಲ್ಲ, ಬರಹದಲ್ಲಿ ಸ್ಪೆಸಿಫಿಕೇಶನ್ ಹೋಗುತ್ತೆ, ಬರಹದಲ್ಲಿ ಉತ್ತರ ಬರುತ್ತೆ, ಗುಣಮಟ್ಟಕ್ಕೆ ಪ್ರಕ್ರಿಯೆಯೇ ಜವಾಬ್ದಾರಿ. ಆಫ್‌ಶೋರ್ ಅಂತ ನಾವು ಕರೆಯೋದು ಇದನ್ನೇ ತಾನೇ? ಇಂಗ್ಲೆಂಡಿನ ಅಡುಗೆಮನೆಯಿಂದ ಆಗೋ ಕೆಲಸ ನೋಯ್ಡಾದಿಂದಲೂ ಆಗುತ್ತೆ. ದೂರದಿಂದ ಸಾಫ್ಟ್‌ವೇರ್ ಬರೆಯಬಹುದು ಅನ್ನೋ ನಂಬಿಕೆಯ ಮೇಲೆ ನಮ್ಮ ಸಂಬಳ ನಿಂತಿದೆ. ಸಾವಿರಾರು ಮೈಲಿ ದೂರದ ಗ್ರಾಹಕ ನಮ್ಮನ್ನ ನಂಬ್ತಾನೆ. ಅದೇ ಕಂಪನಿಗಳು ಹತ್ತು ಕಿಲೋಮೀಟರ್ ದೂರದ ಮನೆಯಲ್ಲಿರೋ ಬಾಣಂತಿಯನ್ನ ನಂಬಲ್ಲ.

ಇದು ಸುಮ್ಮನೆ ಹೇಳಿದ ಮಾತಲ್ಲ. ಹಿಂದೆ ನಾನಿದ್ದ ಒಂದು ಕಂಪನಿಯಲ್ಲಿ, ನಮಗೆಲ್ಲ ಅಕ್ಕನ ಹಾಗಿದ್ದ ಒಬ್ಬ ಹಿರಿಯ ಡೆವಲಪರ್ ಇದ್ದರು, ದಾವಣಗೆರೆ ಕಡೆಯವರು. ಟೀಮ್‌ನಲ್ಲಿ ಯಾರಿಗೂ ಬಿಡಿಸೋಕಾಗದ ಬಗ್ ಅವರ ಹತ್ತಿರ ಹೋಗ್ತಿತ್ತು. ಹೆರಿಗೆ ರಜೆ ಮುಗಿಸಿ ವಾಪಸ್ ಬಂದಾಗ ಅವರು ಕಟ್ಟಿದ ಮಾಡ್ಯೂಲ್ ಬೇರೆಯವರ ಕೈಲಿತ್ತು, ಇವರಿಗೆ ಸಪೋರ್ಟ್ ಟಿಕೆಟ್ ಕೊಟ್ಟರು. ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ ಕೇಳಿದ್ರೆ 'ಪಾಲಿಸಿ ಇಲ್ಲ' ಅಂದರು. ಆರು ತಿಂಗಳಿಗೆ ಬಿಟ್ಟು ಹೋದರು. 2017ರ ತಿದ್ದುಪಡಿ ಆದ ಮೇಲೆ ನಮ್ಮ ಕಾನೂನು ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ರಜೆ ಕೊಡುತ್ತೆ. ರಜೆ ಮುಗಿದ ಮೇಲೆ ಮನೆಯಿಂದ ಕೆಲಸ ಮಾಡೋಕೂ ಅದರಲ್ಲಿ ಅವಕಾಶ ಇದೆ, ಆದ್ರೆ ಕಂಪನಿಯೂ ಒಪ್ಪಿದ್ರೆ ಮಾತ್ರ. ಆ 'ಒಪ್ಪಿದ್ರೆ' ಅನ್ನೋ ಜಾಗದಲ್ಲೇ ನಮ್ಮ ಅಕ್ಕನಂಥವರು ಹೊರಗೆ ಬೀಳೋದು.

ಕೊಟ್ಟುಬಿಟ್ಟವರು

ನಿವೃತ್ತಿ ಆದ ಮೇಲೆ ಶರ್ಲಿ ಗಳಿಸಿದ್ದರಲ್ಲಿ ಹೆಚ್ಚಿನದನ್ನ ಕೊಟ್ಟುಬಿಟ್ಟರು, ಸುಮಾರು 7 ಕೋಟಿ ಪೌಂಡಿನಷ್ಟು. ಬಹುಪಾಲು ಆಟಿಸಂ ಕೆಲಸಕ್ಕೆ. ಅವರ ಮೊದಲ ದತ್ತಿಸಂಸ್ಥೆಯ ಮೊದಲ ಮನೆಗೆ ಮೊದಲು ಬಂದವನು ಮಗ ಜೈಲ್ಸ್. ಆಸ್ಪತ್ರೆಯಿಂದ ಆಚೆ, ತನ್ನದೇ ಮನೆ ಅನ್ನೋ ಹಾಗೆ ಅವನು ಅಲ್ಲಿ ಬದುಕಿದ. 1998ರಲ್ಲಿ, 35ನೇ ವಯಸ್ಸಿಗೆ ತೀರಿಕೊಂಡ. ಮರುವರ್ಷ ಆಟಿಸಂ ಇರೋ ಮಕ್ಕಳಿಗಾಗಿ ಪ್ರಯರ್ಸ್ ಕೋರ್ಟ್ ಅನ್ನೋ ಶಾಲೆ ಶುರುವಾಯ್ತು. ಆಟಿಸ್ಟಿಕಾ ಅನ್ನೋ ಸಂಶೋಧನಾ ಸಂಸ್ಥೆಯ ಹಿಂದೆಯೂ ಅವರೇ. ಆಕ್ಸ್‌ಫರ್ಡ್ ಇಂಟರ್ನೆಟ್ ಇನ್‌ಸ್ಟಿಟ್ಯೂಟ್ ಹುಟ್ಟಿದ್ದು ಅವರ ದೇಣಿಗೆಯಿಂದ. ಬ್ರಿಟಿಷ್ ಕಂಪ್ಯೂಟರ್ ಸೊಸೈಟಿಯ ಮೊದಲ ಮಹಿಳಾ ಅಧ್ಯಕ್ಷೆಯಾದರು, 2000ದಲ್ಲಿ 'ಡೇಮ್' ಗೌರವ ಬಂತು.

2015ರ ಟೆಡ್ ಭಾಷಣದಲ್ಲಿ ಅವರು ಒಂದು ತಮಾಷೆ ಮಾಡಿದ್ದರು. ಮಹತ್ವಾಕಾಂಕ್ಷೆ ಇರೋ ಹೆಂಗಸರನ್ನ ತಲೆಯ ಆಕಾರ ನೋಡಿಯೇ ಗುರುತಿಸಬಹುದಂತೆ, ಮೇಲೆ ಚಪ್ಪಟೆ ಆಗಿರುತ್ತೆ, ಅಷ್ಟು ಸಲ ಜನ ತಲೆ ತಟ್ಟಿ "ಪರವಾಗಿಲ್ಲ ಕಣಮ್ಮ" ಅಂದಿರ್ತಾರೆ. ಆ ಭಾಷಣ ಯೂಟ್ಯೂಬ್‌ನಲ್ಲಿದೆ, ಕಾಲು ಗಂಟೆಯೂ ಇಲ್ಲ. ನೋಡಿ.

ಇದನ್ನ ಓದ್ತಾ ಇರೋರಲ್ಲಿ ಟೀಮ್ ಲೀಡ್‌ಗಳು, ಮ್ಯಾನೇಜರ್‌ಗಳು ತುಂಬಾ ಜನ ಇದ್ದೀರ ಅಂತ ನನಗೆ ಗೊತ್ತು. ಪಾಲಿಸಿ ಬದಲಾಯಿಸೋದು ನಿಮ್ಮ ಕೈಲಿ ಇಲ್ಲದೇ ಇರಬಹುದು. ಆದ್ರೆ ರಜೆ ಮುಗಿಸಿ ಬಂದವರಿಗೆ ಅವರ ಮಾಡ್ಯೂಲ್ ವಾಪಸ್ ಕೊಡಬೇಕಾ, ಟಿಕೆಟ್ ಕ್ಯೂ ಕೊಡಬೇಕಾ ಅನ್ನೋದು ಎಷ್ಟೋ ಸಲ ನಿಮ್ಮ ಒಂದು ಮೇಲ್‌ನಲ್ಲಿ ತೀರ್ಮಾನ ಆಗುತ್ತೆ. ಆ ಮೇಲ್ ಬರೆಯೋಕೆ ಮುಂಚೆ ಆ 297 ಜನರನ್ನ ಒಮ್ಮೆ ನೆನಪಿಸಿಕೊಳ್ಳಿ.